ಕೋಡಿಯ ಜಾಡು ಹಿಡಿದು ಒಂದು ಭಾನುವಾರ

ಕೆರೆಗಳ ಕಣಿವೆ ನೋಡಬೇಕೆಂದರೆ ದೂರದ ಮಲೆನಾಡಿಗೇ ಹೋಗಬೇಕೆಂದು ಬೆಂಗಳೂರಿನ ಬಹಳ ಜನ ತಿಳಿದಿದ್ದಾರೆ. ಆದರೆ ನಗರದ ಪೂರ್ವ ಭಾಗದಲ್ಲೇ ಅಂಥದೊಂದು ಕಣಿವೆಯಿದೆ. ಹೆಬ್ಬಾಳ, ನಾಗವಾರ, ಕಲ್ಕೆರೆ, ರಾಂಪುರ, ಎಲೆ ಮಲ್ಲಪ್ಪ ಶೆಟ್ಟಿ ಕೆರೆ ಎಂದು ಒಂದರ ಕೆಳಗೊಂದು ಕೆರೆ. ಅದರ ಮಡಿಲಲ್ಲೇ ಕುಳಿತಿರುವ ಊರು ಹೊರಮಾವು.

ಇಲ್ಲಿನ ಒಂದು ದಂಪತಿಗೆ ಈ ಕಣಿವೆಯ ಪರಿಚಯವಾದದ್ದು ಮನೆಯೊಳಗೇ! 2025ರ ಮೇ ತಿಂಗಳ ಮಳೆಗೆ ಸಾಯಿ ಲೇಔಟ್ ಮತ್ತಿತರ ತಗ್ಗು ಬಡಾವಣೆಗಳು ಜಲಾವೃತವಾದಾಗ ಅವರ ಮನೆಯಲ್ಲೂ ಮೊಣಕಾಲುದ್ದ ನೀರು. ಹತ್ತನೇ ತರಗತಿಗೆ ಕಾಲಿಡಲಿದ್ದ ಮಗಳ ಪುಸ್ತಕಗಳು ತೊಯ್ದು ಹೋದವು. "ಅಪ್ಪ, ಈ ನೀರು ಎಲ್ಲಿಂದ ಬಂತು? ಎಲ್ಲಿಗೆ ಹೋಗುತ್ತೆ?" ಎಂದು ಅವಳು ಕೇಳಿದಾಗ ಇಬ್ಬರ ಬಳಿಯೂ ಉತ್ತರವಿರಲಿಲ್ಲ. ಮನೆ ಮಾರಿ ಬೇರೆಡೆ ಹೋಗೋಣವೇ ಎಂಬ ಮಾತು ಮಾತ್ರ ದಿನವೂ ನಡೆಯುತ್ತಿತ್ತು.

ಮಳೆಗಾಲ ಕಳೆದ ಒಂದು ಭಾನುವಾರ ಮಗಳನ್ನು ಟ್ಯೂಷನ್ನಿಗೆ ಬಿಟ್ಟು, ಬುತ್ತಿಗೆ ಚಿತ್ರಾನ್ನ ಕಟ್ಟಿಕೊಂಡು, ಇಬ್ಬರೂ ಕಾರು ಹತ್ತಿದರು. "ಮಾರೋದಾದ್ರೆ ಆಮೇಲೆ ಮಾರೋಣ ರೀ. ಮೊದಲು ನೀರಿನ ದಾರಿ ನೋಡ್ಕೊಂಡು ಬರೋಣ" ಎಂದದ್ದು ಹೆಂಡತಿ.

ಮೊದಲು ಸಿಕ್ಕಿದ್ದು ಕಲ್ಕೆರೆ. ನೂರೈವತ್ತು ಎಕರೆಗೂ ಮೀರಿದ ಹರವು. ಏರಿಯ ಮೇಲೆ ನಿಂತರೆ ಒಂದು ಕಡೆ ನೀರು, ಇನ್ನೊಂದು ಕಡೆ ಅಪಾರ್ಟ್‌ಮೆಂಟುಗಳ ಸಾಲು. ನಾಮದ ಕೋಳಿಗಳು ನೀರಿನಲ್ಲಿ ತೇಲುತ್ತಿದ್ದವು. ನೀರುಕಾಗೆಯೊಂದು ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ಕೋಡಿಯ ಬಳಿ ಬಂದಾಗ ಗಂಡನಿಗೆ ತನ್ನ ಊರಿನ ನೆನಪಾಯಿತು. ಆತ ಕೋಲಾರದ ಕಡೆಯವನು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಇಷ್ಟೇ ಹಳೆಯ ಲೆಕ್ಕ. ನಡುವಿನ ಕಾಲುವೆ ಕಿರಿದಾದರೆ ನೀರು ಪಕ್ಕದಲ್ಲಿ ದಾರಿ ಹುಡುಕುತ್ತದೆ. "ನಮ್ಮನೆಗೆ ನೀರು ಬಂದಿದ್ದಲ್ಲ ಕಣೇ, ನೀರಿನ ದಾರೀಲಿ ನಾವು ಮನೆ ಕಟ್ಟಿದ್ದು" ಎಂದ.

ರಾಂಪುರ ಕೆರೆಯನ್ನು ದಾಟಿ ಹಳೆ ಮದ್ರಾಸ್ ರಸ್ತೆಗೆ ಬಂದರೆ ಆವಲಹಳ್ಳಿಯ ಸಮೀಪ ಎಲೆ ಮಲ್ಲಪ್ಪ ಶೆಟ್ಟಿ ಕೆರೆ. ವೀಳ್ಯದೆಲೆಯ ವ್ಯಾಪಾರಿಯೊಬ್ಬರ ಹೆಸರು ಹೊತ್ತ ಕೆರೆಯಿದು. ಒಂದು ಕಾಲದಲ್ಲಿ ಹೀಗೆ ಕೆರೆ ಕಟ್ಟಿಸುವುದು ಪುಣ್ಯದ ಕೆಲಸ. ಇಂದು ಹೆದ್ದಾರಿಯ ಲಾರಿಗಳು ಪಕ್ಕದಲ್ಲೇ ಅಬ್ಬರಿಸುತ್ತವೆ. ಅಲ್ಲಲ್ಲಿ ಕಸದ ರಾಶಿ, ನೀರಿನ ಮೇಲೆ ಕಳೆ. ಆದರೂ ಹೆಜ್ಜಾರ್ಲೆಗಳು ಇಲ್ಲಿಗೆ ಬರುವುದನ್ನು ಬಿಟ್ಟಿಲ್ಲ. ಈ ಕೆರೆಯ ಕೋಡಿ ನೀರು ದಕ್ಷಿಣ ಪಿನಾಕಿನಿ ನದಿಯನ್ನು ಸೇರುತ್ತದೆ.

ಮುಂದೆ ಹೊಸಕೋಟೆ. 1595ರಲ್ಲಿ ಸುಗಟೂರಿನ ತಮ್ಮೇಗೌಡ ಕಟ್ಟಿಸಿದ ಊರು. ಇಲ್ಲಿನ ದೊಡ್ಡ ಕೆರೆಯ ಏರಿಯೇ ಸುಮಾರು ಎರಡು ಮೈಲಿ ಉದ್ದ. ದಕ್ಷಿಣ ಪಿನಾಕಿನಿಯ ನೀರಿಗೆ ಅಡ್ಡ ಕಟ್ಟಿದ ಏರಿಯಿದು. ನದಿ ಹುಟ್ಟುವುದು ನಂದಿಬೆಟ್ಟದ ಸೀಮೆಯಲ್ಲಿ. ಮುಂದೆ ತಮಿಳುನಾಡಿಗೆ ಹೋಗಿ, ತೆನ್‌ಪೆಣ್ಣೈ ಎಂಬ ಹೆಸರಿನಿಂದ ಕಡಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಏರಿಯ ಮೇಲೆ ಕುಳಿತು ಚಿತ್ರಾನ್ನದ ಡಬ್ಬಿ ಬಿಚ್ಚಿದಾಗ ದಂಪತಿಗೆ ಮಗಳ ಎರಡನೇ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಹೊರಮಾವಿನ ಚರಂಡಿಯ ನೀರು ಸಮುದ್ರಕ್ಕೆ ಹೊರಟಿತ್ತು!

ಊಟದ ನಡುವೆ ಇನ್ನೊಂದು ಸೋಜಿಗ ಮಾತಿಗೆ ಬಂತು. ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆ ನೀರನ್ನು ಶುದ್ಧೀಕರಿಸಿ ಚಿಕ್ಕಬಳ್ಳಾಪುರದ ಕೆರೆಗಳಿಗೆ ಪಂಪ್ ಮಾಡಲಾಗುತ್ತಿದೆ. ಅಂದರೆ ನದಿ ಹುಟ್ಟುವ ಸೀಮೆಗೇ ನೀರಿನ ಮರುಪ್ರಯಾಣ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು 2018ರಿಂದಲೇ ಕೋಲಾರದ ಕೆರೆಗಳಿಗೆ ಹರಿದಿದೆ. ಬತ್ತಿದ ಕೆರೆಯಲ್ಲಿ ಕ್ರಿಕೆಟ್ ಆಡಿ ಬೆಳೆದ ಗಂಡನಿಗೆ ಅದು ಸಂತೋಷವೇ. ಆದರೆ ಈ ನೀರಿಗೆ ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಅಲ್ಲಿನ ರೈತರ ಒತ್ತಾಯವೂ ನ್ಯಾಯವೆಂದು ಆತನ ಅಭಿಪ್ರಾಯ. ಹೆಂಡತಿ ನೆನಪಿಸಿದ್ದು 2024ರ ಬೇಸಿಗೆಯನ್ನು. ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿ, ಬೀದಿಯಲ್ಲಿ ಟ್ಯಾಂಕರಿಗೆ ಕಾದದ್ದು. ಮರುವರ್ಷವೇ ಅದೇ ಊರಿನಲ್ಲಿ ಪ್ರವಾಹ. ಎರಡಕ್ಕೂ ಮದ್ದು ಒಂದೇ: ಕೆರೆಯಲ್ಲಿ ನೀರು ನಿಲ್ಲಬೇಕು, ಕಾಲುವೆಯಲ್ಲಿ ನೀರು ಹರಿಯಬೇಕು.

ಸಂಜೆ ಮಗಳ ಭೂಗೋಳದ ನೋಟ್‌ಬುಕ್ಕಿನಲ್ಲಿ ಅಪ್ಪ ನದಿಯ ನಕ್ಷೆ ಬರೆದ. ಅಮ್ಮ ಅದರಲ್ಲಿ ತಮ್ಮ ಮನೆಗೊಂದು ಚುಕ್ಕಿ ಇಟ್ಟಳು. ಮನೆ ಮಾರುವ ಮಾತು ಅಂದು ಬರಲಿಲ್ಲ. ಬಡಾವಣೆಯ ಗ್ರಾಮ ನಕಾಶೆ ತರಿಸಿ, ರಾಜಕಾಲುವೆ ಎಲ್ಲಿತ್ತೆಂದು ನೆರೆಯವರೊಡನೆ ಕುಳಿತು ನೋಡುವುದೆಂದು ತೀರ್ಮಾನವಾಯಿತು. ನಿವೇಶನ ಕೊಳ್ಳುವ ಮೊದಲೇ ಮಾಡಬೇಕಿದ್ದ ಕೆಲಸ!

ನೀವೂ ಹೋಗಬಹುದು. ಹೊರಮಾವಿನಿಂದ ಹೊಸಕೋಟೆಗೆ ಕೆರೆಗಳನ್ನು ನೋಡುತ್ತಾ ಹೋದರೆ ಸುಮಾರು 25 ಕಿ.ಮೀ. ಕಾರಿಲ್ಲದವರಿಗೆ ಕೆ.ಆರ್. ಪುರದಿಂದ ಬಸ್ಸುಗಳಿವೆ. ಚಳಿಗಾಲದ ಬೆಳಗಿನ ಹೊತ್ತು ಹಕ್ಕಿ ನೋಡಲು ಪ್ರಶಸ್ತ. ಬುತ್ತಿ ಒಯ್ಯಿರಿ, ಕಸವನ್ನು ಹಿಂದಕ್ಕೆ ತನ್ನಿ. ಮಕ್ಕಳನ್ನು ಮರೆಯದೆ ಕರೆದೊಯ್ಯಿರಿ. ಪ್ರಶ್ನೆ ಕೇಳುವವರು ಅವರೇ.