ನಮ್ಮೂರ ಲೈಬ್ರರಿ ಅಕ್ಕ

ಒಗ್ಗರಣೆಗೆ ಸಾಸಿವೆ ಎಷ್ಟು ಅಂತ ಯಾರಾದರೂ ಕೇಳಿದರೆ ನಾವು ಅಳತೆ ಹೇಳುತ್ತೇವೆಯೇ? ಅದು ಕೈಗೆ ಗೊತ್ತಿರುತ್ತದೆ. ನಮ್ಮೂರ ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುವ ಅಕ್ಕನಿಗೆ ಪುಸ್ತಕಗಳ ವಿಷಯ ಹಾಗೇ. ಇಪ್ಪತ್ತು ವರ್ಷದಿಂದ ಅಲ್ಲಿದ್ದಾರೆ. ಯಾರಿಗೆ ಯಾವ ಕಾದಂಬರಿ ರುಚಿಸುತ್ತದೆ, ಯಾರ ಮಗ ಯಾವ ಪರೀಕ್ಷೆಗೆ ಓದುತ್ತಿದ್ದಾನೆ, ಎಲ್ಲಾ ಬಾಯಿಪಾಠ. ಅಂಥವರು, ಗ್ರಂಥಾಲಯಕ್ಕೆ ಕಂಪ್ಯೂಟರ್ ಬಂದ ದಿನ ಅದಕ್ಕೆ ಕುಂಕುಮ ಹಚ್ಚಿ, ಬಟ್ಟೆ ಹೊದಿಸಿ, ಆಮೇಲೆ ಅದರ ತಂಟೆಗೇ ಹೋಗಲಿಲ್ಲ ಅಂದರೆ ನಂಬ್ತೀರಾ?

ನಗಬೇಡಿ. ತರಬೇತಿಗೆ ಕರೆದವರು ಒಂದೇ ದಿನದಲ್ಲಿ, ಅರ್ಧ ಇಂಗ್ಲಿಷಿನಲ್ಲಿ, ಎಲ್ಲವನ್ನೂ ಹೇಳಿ ಮುಗಿಸಿದ್ದರು. "ಏನೋ ಒತ್ತಿ ಕೆಟ್ಟುಹೋದ್ರೆ ನನ್ನ ಸಂಬಳದಲ್ಲಿ ಹಿಡ್ಕೋತಾರೇನೋ. ಇಲ್ಲಾ, ಇವಳಿಗೆ ಬರೋದಿಲ್ಲ ಅಂತ ಬೇರೆಯವರನ್ನ ಕೂರಿಸ್ತಾರೇನೋ" ಅಂತ ನನ್ನ ಹತ್ತಿರ ಹೇಳಿಕೊಂಡರು. ಆ ಸಂಬಳದಲ್ಲೇ ಇಬ್ಬರು ಮಕ್ಕಳನ್ನು ಓದಿಸುತ್ತಿರುವ ಹೆಂಗಸು. ಹೆದರಿಕೆ ಆಗದೆ ಇರುತ್ತದೆಯೇ?

2019ರಲ್ಲಿ ಪಂಚಾಯ್ತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದವು. 2020ರ ಫೆಬ್ರವರಿಯಲ್ಲಿ ಸರ್ಕಾರದ ಡಿಜಿಟಲ್ ಗ್ರಂಥಾಲಯ ಶುರುವಾಯಿತು. ಮುಂದಿನ ತಿಂಗಳೇ ಕೊರೋನಾ ಬಂದು ಬಾಗಿಲುಗಳೆಲ್ಲ ಮುಚ್ಚಿದವು. ಕಾಗದದ ಕಾರ್ಡು, ರಿಜಿಸ್ಟರು ಹಿಡಿದು ಬೆಳೆದವರು ಇಷ್ಟಕ್ಕೆಲ್ಲ ಹೊಂದಿಕೊಳ್ಳಬೇಕಾಯಿತು.

ಅಕ್ಕನಿಗೆ ಕಲಿಯುವ ಹಟ ಹುಟ್ಟಿಸಿದ್ದು ನಮ್ಮ ಬೀದಿಯ ಟೀಚರಮ್ಮ. ವಯಸ್ಸು ಎಪ್ಪತ್ತೆಂಟು, ಕಣ್ಣು ಮಂಜು. ತ್ರಿವೇಣಿಯವರ ‘ಬೆಕ್ಕಿನ ಕಣ್ಣು’ ಇನ್ನೊಂದು ಸಲ ಓದಬೇಕು ಅಂತ ಅವರಿಗೆ ಆಸೆ. ಗ್ರಂಥಾಲಯದ ಪ್ರತಿಯನ್ನು ಗೆದ್ದಲು ತಿಂದಿತ್ತು. ಅಂತರ್ಜಾಲದಲ್ಲಿ ಸಿಗಬಹುದು ಅಂತ ಯಾರೋ ಅಂದರು. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಕ್ಕ ಮೊದಲ ಸಲ ಮೌಸ್ ಹಿಡಿದರು. ಮಗಳ ವಯಸ್ಸಿನವಳ ಹತ್ತಿರ ಹೇಳಿಸಿಕೊಳ್ಳುವಾಗ ಮುಖ ಕೆಂಪಾಗಿದ್ದು ನಾನೇ ನೋಡಿದ್ದೇನೆ.

ಇಂಟರ್ನೆಟ್ ಆರ್ಕೈವ್ ಅಂತ ಒಂದಿದೆ, 1996ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ನಮ್ಮ ಹಳೇ ಕನ್ನಡ ಪುಸ್ತಕಗಳನ್ನೂ ಪುಟಪುಟವಾಗಿ ಫೋಟೋ ಹಿಡಿದು ಅಲ್ಲಿ ಇಟ್ಟಿದ್ದಾರೆ. ಹುಡುಗಿ ಕನ್ನಡದಲ್ಲಿ ಹೆಸರು ಹಾಕಿ ಹುಡುಕಿ, "ಇಲ್ಲ ಆಂಟಿ" ಅಂದಳು. ಅಕ್ಕ ಬಿಡಲಿಲ್ಲ. ಕಪಾಟಿನಲ್ಲಿ ಪುಸ್ತಕ ಕಾಣದಿದ್ದರೆ ಯಾರೋ ಬೇರೆ ಸಾಲಿನಲ್ಲಿ ತುರುಕಿರುತ್ತಾರೆ ಅಂತ ಅವರಿಗೆ ಗೊತ್ತಿಲ್ಲವೇ? ಅಲ್ಲೂ ಹಾಗೇ ಆಗಿತ್ತು. ಎಷ್ಟೋ ಪುಸ್ತಕಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟಿದ್ದಾರೆ, ಅದೂ ಮನಸ್ಸಿಗೆ ಬಂದಂತೆ. ‘ಕಣ್ಣು’ ಅನ್ನುವುದಕ್ಕೆ ಒಬ್ಬರು ಒಂದೇ ‘ಎನ್’ ಹಾಕಿದರೆ ಇನ್ನೊಬ್ಬರು ಎರಡು. ಅಕ್ಕ ಒಂದೊಂದೇ ಹಾಕಿ ನೋಡುತ್ತಾ ಹೋದರು. ನಾಲ್ಕನೆಯದಕ್ಕೆ ಸಿಕ್ಕಿತು! ಹುಡುಗಿಯ ಬಾಯಿ ಕಟ್ಟಿತು.

ಸಿಕ್ಕ ಮೇಲೂ ಅಕ್ಕನಿಗೆ ಸಮಾಧಾನವಿಲ್ಲ. "ಇದನ್ನ ಹೀಗೆ ಪುಕ್ಕಟೆ ಓದಬಹುದಾ? ಬರೆದವರಿಗೆ ಅನ್ಯಾಯ ಆಗಲ್ವಾ?" ಅಂತ ತಾಲ್ಲೂಕಿನ ಹಿರಿಯ ಗ್ರಂಥಪಾಲಕರೊಬ್ಬರನ್ನು ಕೇಳಿ ತಿಳಿದುಕೊಂಡರು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು ಅರವತ್ತು ವರ್ಷವಾದ ಮೇಲೆ ಅವರ ಬರಹ ಎಲ್ಲರದೂ ಆಗುತ್ತದಂತೆ. ತ್ರಿವೇಣಿಯವರು ಹೋದದ್ದು 1963ರಲ್ಲಿ, ಹಾಗಾಗಿ 2024ರಿಂದ ತಂಟೆ ಇಲ್ಲ. ಈಗಿನ ಲೇಖಕರ ಪುಸ್ತಕ ಯಾರೋ ಕದ್ದು ಹಾಕಿದ್ದು ಕಂಡರೆ ಅಕ್ಕ ಅದನ್ನು ತೋರಿಸುವುದಿಲ್ಲ, "ದುಡ್ಡು ಕೊಟ್ಟು ತರಿಸೋಣ, ಪಟ್ಟಿಯಲ್ಲಿ ಬರೀತೀನಿ" ಅನ್ನುತ್ತಾರೆ. ಈ ವಿವೇಕವನ್ನು ಯಾವ ತರಬೇತಿಯಲ್ಲೂ ಕಲಿಸಿರಲಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಟೀಚರಮ್ಮ ಬಂದು ಕೂತರು. ಅಕ್ಷರವನ್ನು ಹುಣಸೆಬೀಜದಷ್ಟು ದೊಡ್ಡದು ಮಾಡಿಕೊಟ್ಟಾಗ, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಒಂದು ಗಂಟೆ ಯಾರ ಜೊತೆಗೂ ಮಾತಿಲ್ಲ.

ಈಗ ಶನಿವಾರ ಮಧ್ಯಾಹ್ನ, ಪಾತ್ರೆ ತೊಳೆದಿಟ್ಟು, ನಾವು ನಾಲ್ಕೈದು ಹೆಂಗಸರು ಅಲ್ಲಿಗೆ ಹೋಗುತ್ತೇವೆ. ಅಕ್ಕನೇ ಹೇಳಿಕೊಡುತ್ತಾರೆ. ಟೈಪ್ ಮಾಡಲು ಬಾರದಿದ್ದರೆ ಮೈಕಿನ ಗುರುತು ಒತ್ತಿ ಕನ್ನಡದಲ್ಲೇ ಕೇಳಬಹುದು. ಫೋನಿಗೆ ಬಂದ ಒಟಿಪಿಯನ್ನು ಫೋನು ಮಾಡಿ ಕೇಳಿದವರಿಗೆ, ಬ್ಯಾಂಕಿನವರು ಅಂದರೂ, ಹೇಳಕೂಡದು ಅಂತ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದಾರೆ. ನಿಮ್ಮೂರ ಗ್ರಂಥಾಲಯದಲ್ಲೂ ಕಂಪ್ಯೂಟರ್ ಇದ್ದೀತು, ಹೋಗಿ ಕೇಳಿ ನೋಡಿ. ಹೋಗುವಾಗ ನಿಮಗೆ ಬೇಕಾದ ಒಂದು ಪುಸ್ತಕದ ಹೆಸರು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಕನ್ನಡಕವನ್ನೂ ಮರೆಯಬೇಡಿ.