ಕೊಕ್ಕೆ ಹಾಕಿ ಎಳೆಯುವ ದೋಣಿ

ದಕ್ಷಿಣ ಕೊರಿಯಾದ ಪೂರ್ವ ಕರಾವಳಿಯಲ್ಲಿ ಸೊಕ್ಚೊ ಅಂತ ಒಂದು ಊರು. ನಮ್ಮವರ ಕೆಲಸದಿಂದಾಗಿ ಸಿಯೋಲ್‌ನಲ್ಲಿದ್ದ ನಾವು ಚುಸೊಕ್ ಹಬ್ಬದ ರಜದಲ್ಲಿ ಸಮುದ್ರ ನೋಡೋಣ ಅಂತ ಅಲ್ಲಿಗೆ ಹೋದೆವು. (ನೀವು ಹೋದರೆ ಬಸ್ ಟಿಕೆಟ್ ಮುಂಚೆಯೇ ತೆಗೆದಿಡಿ, ಹಬ್ಬದ ನೂಕುನುಗ್ಗಲು ಅಷ್ಟಿಷ್ಟಲ್ಲ!)

ಅಲ್ಲೊಂದು ದೋಣಿಯಿದೆ. ಎಂಜಿನ್ನೂ ಇಲ್ಲ, ಹುಟ್ಟೂ ಇಲ್ಲ. ನೀರಿಗೆ ಅಡ್ಡಲಾಗಿ ಕಟ್ಟಿದ ಉಕ್ಕಿನ ಹಗ್ಗಕ್ಕೆ ಕಬ್ಬಿಣದ ಕೊಕ್ಕೆ ಸಿಕ್ಕಿಸಿ ಎಳೆಯಬೇಕು. ಸೆರಗು ಸಿಕ್ಕಿಸಿಕೊಂಡು ನಾನೂ ಎಳೆದೆ ನೋಡಿ! ಆಚೆ ದಡದಲ್ಲಿ ಅಬಾಯಿ ಗ್ರಾಮ. ಅಬಾಯಿ ಅಂದರೆ ಉತ್ತರ ಕೊರಿಯಾದ ಹಮ್‌ಗ್ಯೊಂಗ್ ಸೀಮೆಯ ಮಾತಿನಲ್ಲಿ ಅಜ್ಜ, ಹಿರಿಯ. 1950ರಲ್ಲಿ ಶುರುವಾದ ಯುದ್ಧದಲ್ಲಿ ಅಲ್ಲಿಂದ ಓಡಿಬಂದವರು, ಇನ್ನೇನು ವಾಪಸು ಹೋಗ್ತೀವಲ್ಲ ಅಂತ ಮರಳಿನ ಮೇಲೇ ಗುಡಿಸಲು ಹಾಕಿಕೊಂಡರಂತೆ. 1953ರಲ್ಲಿ ಕದನ ನಿಂತಿತು, ಗಡಿ ಮಾತ್ರ ತೆರೆಯಲಿಲ್ಲ.

ಅಲ್ಲಿನ ಹೆಸರಾದ ತಿನಿಸು ಬೊಂಡಾಸ ಮೀನಿನೊಳಗೆ ಅಕ್ಕಿ, ತರಕಾರಿ ತುಂಬಿ ಬೇಯಿಸಿದ್ದು. ನಾವು ಮೀನು ತಿನ್ನೋದಿಲ್ಲ ಅಂತ ಕೈಸನ್ನೆಯಲ್ಲಿ ಹೇಳಿದಾಗ, ಎಂಬತ್ತು ದಾಟಿದ ಅಂಗಡಿಯ ಅಜ್ಜಿ ಸೊಂಗ್‌ಪ್ಯೊನ್ ತಂದಿಟ್ಟರು. ಅಕ್ಕಿಹಿಟ್ಟಿನ ಕಣಕ, ಒಳಗೆ ಸಿಹಿ ಎಳ್ಳು, ಪೈನ್ ಎಲೆಯ ಮೇಲೆ ಹಬೆಯಲ್ಲಿ ಬೆಂದ ಅರ್ಧಚಂದ್ರ. ಥೇಟ್ ನಮ್ಮ ಕಡುಬು! ಚುಸೊಕ್‌ನಲ್ಲಿ ಗತಿಸಿದ ಹಿರಿಯರಿಗೆ ಎಡೆ ಇಡುತ್ತಾರೆ, ನಮ್ಮ ಪಿತೃಪಕ್ಷದ ಹಾಗೆ. ಅಜ್ಜಿ ಉತ್ತರದ ಕಡೆ ಕೈ ತೋರಿಸಿ "ಒಮ್ಮಾ" ಅಂದರು. ಆ ಮಾತಿಗೆ ನನಗೆ ಅರ್ಥ ಹೇಳುವವರು ಬೇಕಾಗಲಿಲ್ಲ.

ಹೊರಡುವಾಗ ಇನ್ನು ನಾಲ್ಕು ಕಡುಬು ಕಾಗದದಲ್ಲಿ ಸುತ್ತಿ ಕೊಟ್ಟರು. ದುಡ್ಡು ಮುಟ್ಟಲಿಲ್ಲ.