ಬೆಂಕಿಕಡ್ಡಿ ಬೇಡದ ಗ್ಯಾಸ್

ನಮ್ಮ ಅಬ್ಬಾ ಕಾಮಾಕ್ಷಿಪಾಳ್ಯದಲ್ಲಿ ಗೇಟು, ಗ್ರಿಲ್ ಮಾಡುವ ಸಣ್ಣ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾರೆ. ಆಕ್ಸಿಜನ್‌ನ ಕಪ್ಪು ಸಿಲಿಂಡರ್, ಅಸಿಟಿಲೀನ್‌ನ ಮರೂನ್ ಸಿಲಿಂಡರ್ ನೋಡುತ್ತಲೇ ನಾವು ಬೆಳೆದೆವು. ಆದ್ದರಿಂದ ಗ್ಯಾಸ್ ಎಂದರೆ ನಮ್ಮ ಮನೆಯಲ್ಲಿ ಯಾರಿಗೂ ಅಂಥ ಹೆದರಿಕೆ ಇರಲಿಲ್ಲ. ಕಳೆದ ವರ್ಷ ಡಿಪ್ಲೊಮಾ ಮುಗಿಸಿದ ಅಣ್ಣನಿಗೆ ನಗರದ ಹೊರಗಿನ ಒಂದು ಸೋಲಾರ್ ಸೆಲ್ ಕಾರ್ಖಾನೆಯ ಗ್ಯಾಸ್ ಯಾರ್ಡಿನಲ್ಲಿ ಕೆಲಸ ಸಿಕ್ಕಿತು. ಅಮ್ಮಿ ಸೇವಿಯಾ ಮಾಡಿ ಅಕ್ಕಪಕ್ಕದ ಮನೆಗಳಿಗೆ ಹಂಚಿದರು. ಒಂದು ವಾರದ ತರಬೇತಿ ಮುಗಿಸಿ ಬಂದ ಅಣ್ಣ ಊಟಕ್ಕೆ ಕುಳಿತಾಗ ಸೈಲೇನ್ ಎಂಬ ಹೆಸರು ಹೇಳಿದ. ಆ ಹೆಸರು ನಮ್ಮ ಮನೆಗೆ ಬಂದದ್ದು ಅವತ್ತೇ.

ನಾನು ಕಾಮರ್ಸ್ ವಿದ್ಯಾರ್ಥಿನಿ. ರಸಾಯನಶಾಸ್ತ್ರವನ್ನು ಎಸ್‌ಎಸ್‌ಎಲ್‌ಸಿಯಲ್ಲೇ ಬಿಟ್ಟು ಬಂದವಳು. ಆದರೂ ಇದು ಅರ್ಥವಾಗುವ ವಿಷಯ. ಒಂದು ಕಾರ್ಬನ್ನಿಗೆ ನಾಲ್ಕು ಹೈಡ್ರೋಜನ್ ಸೇರಿದರೆ ಮೀಥೇನ್. ನಗರದ ಕೆಲವು ಬಡಾವಣೆಗಳ ಅಡುಗೆಮನೆಗೆ ಪೈಪಿನಲ್ಲಿ ಬರುವ ಗ್ಯಾಸ್ ಮುಖ್ಯವಾಗಿ ಇದೇ. ಕಾರ್ಬನ್ ಇದ್ದ ಜಾಗದಲ್ಲಿ ಸಿಲಿಕಾನ್ ಇಟ್ಟರೆ ಸೈಲೇನ್. ಇದನ್ನು ಮೊದಲು ಕಂಡುಕೊಂಡವರು ಜರ್ಮನಿಯ ವೋಲರ್ ಮತ್ತು ಬಫ್, 1857ರಲ್ಲಿ. ಕಟ್ಟಿಕೊಂಡ ರೀತಿಯಲ್ಲಿ ಎರಡೂ ಅಣ್ಣತಮ್ಮಂದಿರ ಹಾಗಿವೆ, ಸ್ವಭಾವ ಮಾತ್ರ ಬೇರೆ. ಮೀಥೇನ್ ಕಿಡಿಗಾಗಿ ಕಾಯುತ್ತದೆ. ಸೈಲೇನ್ ಕಾಯುವುದಿಲ್ಲ. ಮಾಮೂಲಿ ಕೋಣೆಯ ಉಷ್ಣತೆಯಲ್ಲೇ ಗಾಳಿ ತಗುಲಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಉರಿದ ಮೇಲೆ ಉಳಿಯುವುದು ನೀರಾವಿ ಮತ್ತು ಹಿಟ್ಟಿನಂಥ ಬಿಳಿ ಪುಡಿ. ಮರಳಿನಲ್ಲಿರುವ ಸಿಲಿಕಾ ಇದೆಯಲ್ಲ, ಅದೇ.

ಅಬ್ಬಾ ಮೊದಲು ನಂಬಲಿಲ್ಲ. "ಬೆಂಕಿಕಡ್ಡಿ ಇಲ್ಲದೆ ಯಾವ ಗ್ಯಾಸ್ ಹತ್ತುತ್ತೆ?" ಎಂದರು. ಅಡುಗೆ ಗ್ಯಾಸು ಗಾಳಿಯಲ್ಲಿ ಸುಮಾರು ಶೇ. 2ರಿಂದ 9ರಷ್ಟು ಬೆರೆತಿದ್ದರೆ ಮಾತ್ರ ಹೊತ್ತುತ್ತದೆ, ಅದಕ್ಕಿಂತ ಕಡಿಮೆಯಾದರೂ ಇಲ್ಲ, ಹೆಚ್ಚಾದರೂ ಇಲ್ಲ. ಸೈಲೇನ್‌ಗೆ ಆ ಮಿತಿ ಸುಮಾರು ಶೇ. 1.4ರಿಂದ 96ರವರೆಗೆ. ಅಂದರೆ ಮಿತಿಯೇ ಇಲ್ಲ ಎಂದುಕೊಂಡರೂ ನಡೆದೀತು.

ಆದರೆ ಅಣ್ಣ ಹೇಳಿದ್ದರಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಇದರ ನಂತರದ ಮಾತು. ಸೋರಿದ ಕೂಡಲೇ ಹೊತ್ತಿಕೊಂಡರೆ ಒಂದು ಲೆಕ್ಕಕ್ಕೆ ಒಳ್ಳೆಯದು. ಜ್ವಾಲೆ ಕಾಣುತ್ತದೆ, ಜನ ದೂರ ಹೋಗಬಹುದು. ಕೆಲವು ಸಲ ಅದು ಹೊತ್ತುವುದಿಲ್ಲ. ಹೆಚ್ಚಿನ ಒತ್ತಡದಲ್ಲಿ ರಭಸವಾಗಿ ಹೊರಬಂದಾಗ ಬೆಂಕಿ ಹಿಡಿಯದೆ ಸುಮ್ಮನೆ ಸೇರುತ್ತಾ ಹೋಗುತ್ತದೆ. ಆಮೇಲೆ ಒಂದೇ ಸಲಕ್ಕೆ ಸ್ಫೋಟ. ಯಾರಾದರೂ ವಾಲ್ವ್ ಮುಚ್ಚಲು ಹೋಗಿ, ಹರಿವು ನಿಧಾನವಾದ ಆ ಗಳಿಗೆಯಲ್ಲೇ ಸಿಡಿಯುವುದೂ ಉಂಟು. ಅಪಾಯ ತಪ್ಪಿಸಲು ಚಾಚಿದ ಕೈಯೇ ಸಿಕ್ಕಿಬೀಳುತ್ತದೆ. ಅದಕ್ಕೇ ಆ ವಾಲ್ವನ್ನು ದೂರದಿಂದ ಮುಚ್ಚುವ ವ್ಯವಸ್ಥೆ ಇರಲೇಬೇಕು.

ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದು ಕೆಲಸದವರು ಕೇಳುವ ಪ್ರಶ್ನೆಯನ್ನೇ ಕೇಳಿದರು. "ಹತ್ತಿಕೊಂಡರೆ ಆರಿಸೋದು ಹೇಗೆ?"

"ಆರಿಸೋದಿಲ್ಲ ಅಬ್ಬಾ. ದೂರದಿಂದ ಗ್ಯಾಸ್ ನಿಲ್ಲಿಸಬೇಕು. ನಿಲ್ಲಿಸೋಕೆ ಆಗದಿದ್ದರೆ ಉರಿಯೋಕೆ ಬಿಟ್ಟು ಪಕ್ಕದ ಸಿಲಿಂಡರ್‌ಗಳಿಗೆ ದೂರದಿಂದಲೇ ನೀರು ಹೊಡೀತಾ ಇರಬೇಕು. ಆರಿಸಿದರೆ ಉರೀದೇ ಇರೋ ಗ್ಯಾಸ್ ತುಂಬಿಕೊಳ್ಳುತ್ತೆ, ಅದು ಇನ್ನೂ ಕೆಟ್ಟದ್ದು."

ಅಮ್ಮಿ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಇಷ್ಟು ಅಪಾಯವಿದ್ದರೆ ಇದನ್ನು ಯಾಕೆ ಬಳಸುತ್ತಾರೆ? ಮನೆಗಳ ತಾರಸಿಯ ಮೇಲೆ ಕಾಣುವ ಸೋಲಾರ್ ಫಲಕದ ನೀಲಿ ಬಣ್ಣವನ್ನು ನೋಡಿ. ಅದು ಬಣ್ಣ ಬಳಿದದ್ದಲ್ಲ. ಸೈಲೇನ್ ಮತ್ತು ಅಮೋನಿಯಾವನ್ನು ನಿರ್ವಾತದ ಪೆಟ್ಟಿಗೆಯಲ್ಲಿ ಸೇರಿಸಿ ಸೆಲ್ಲಿನ ಮೇಲೆ ಕೂರಿಸಿದ ಸಿಲಿಕಾನ್ ನೈಟ್ರೈಡ್ ಎಂಬ ಪದರ ಅದು. ನಮ್ಮ ತಲೆಗೂದಲಿಗಿಂತ ಸುಮಾರು ಸಾವಿರ ಪಟ್ಟು ತೆಳು. ಬಿಸಿಲು ಹಿಂದಕ್ಕೆ ಪ್ರತಿಫಲಿಸದೆ ಒಳಗೆ ಹೋಗಲಿ ಎಂದು ಅದನ್ನು ಕೂರಿಸುತ್ತಾರೆ. ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕಿನ ಫೋಟೊ ನಮ್ಮ ಪಠ್ಯಗಳಲ್ಲಿ ಬಂದಾಗ ಸ್ವಚ್ಛ ಇಂಧನ ಎಂದು ಬರೆಯುತ್ತೇವೆ, ಅಂಕವೂ ಸಿಗುತ್ತದೆ. ಅಂಥ ಫಲಕದ ಹಿಂದೆ ಸಿಲಿಂಡರ್ ಬದಲಿಸುವ ಒಬ್ಬ ಹುಡುಗ ಇರುತ್ತಾನೆ ಎಂಬುದು ಉತ್ತರ ಪತ್ರಿಕೆಯಲ್ಲಿ ಬರುವುದಿಲ್ಲ.

ಅಣ್ಣನ ಕೆಲಸ ಅದೇ, ಖಾಲಿ ಸಿಲಿಂಡರ್ ತೆಗೆದು ತುಂಬಿದ್ದನ್ನು ಜೋಡಿಸುವುದು. ಯಾವಾಗಲೂ ಇಬ್ಬರು ಇರಬೇಕು. ಜೋಡಿಸುವ ಮುನ್ನವೂ ನಂತರವೂ ಕೊಳವೆಯೊಳಗೆ ನೈಟ್ರೋಜನ್ ಹಾಯಿಸಿ ಹಾಯಿಸಿ ಗಾಳಿಯ ಅಂಶವನ್ನೇ ಇಲ್ಲದಂತೆ ಮಾಡಬೇಕು. ಸಿಲಿಂಡರಿನ ಬಾಯಲ್ಲಿ ಕಾಲು ಮಿಲಿಮೀಟರ್ ಅಗಲದ ಸಣ್ಣ ತೂತಿರುವ ಬಿರಡೆ ಕೂರಿಸಿರುತ್ತಾರೆ, ಸೋರಿದರೂ ಕಡಿಮೆ ಸೋರಲಿ ಎಂದು. ಯಾರ್ಡಿಗೆ ಚಾವಣಿ ಇದೆ, ಗೋಡೆಗಳಿಲ್ಲ. ಗಾಳಿ ಆಡಿದಷ್ಟೂ ಗ್ಯಾಸ್ ಒಂದೆಡೆ ಸೇರುವುದಿಲ್ಲ.

ಇದನ್ನೆಲ್ಲ ಅವನು ಕಲಿತದ್ದು ನೈಟ್ರೋಜನ್ ತುಂಬಿದ ಸಿಲಿಂಡರಿನ ಮೇಲೆ, ಬೇರೆ ಶೆಡ್ಡಿನಲ್ಲಿ. ನಮ್ಮ ಬಿಸಿನೆಸ್ ಸ್ಟಡೀಸ್‌ನ ಸ್ಟಾಫಿಂಗ್ ಪಾಠದಲ್ಲಿ ವೆಸ್ಟಿಬ್ಯೂಲ್ ಟ್ರೈನಿಂಗ್ ಅಂತ ಬರುತ್ತದಲ್ಲ, ಅದೇ ಇದು. ಎರಡು ಅಂಕದ ಪ್ರಶ್ನೆ ಎಂದು ಬಾಯಿಪಾಠ ಮಾಡಿಟ್ಟಿದ್ದೆ. ಆದರೆ ಲಾರಿಯಿಂದ ಸಿಲಿಂಡರ್ ಇಳಿಸುವ ಕಾಂಟ್ರಾಕ್ಟ್ ಹುಡುಗರಿಗೆ ಅಂಥ ತರಬೇತಿ ಇಲ್ಲ, ಅರ್ಧ ದಿನದ ಭಾಷಣ ಅಷ್ಟೇ ಎಂದು ಅಣ್ಣ ಹೇಳಿದ. ಗ್ಯಾಸಿಗೆ ಯಾರು ಪರ್ಮನೆಂಟ್, ಯಾರು ಕಾಂಟ್ರಾಕ್ಟ್ ಎಂದು ಗೊತ್ತಾಗುತ್ತದೆಯೇ? ಇದು ನನಗೆ ಸರಿ ಕಾಣಲಿಲ್ಲ.

ನಾನು ಹುಡುಕಿ ಓದಿದೆ. 2005ರ ನವೆಂಬರಿನಲ್ಲಿ ತೈವಾನಿನ ಒಂದು ಸೋಲಾರ್ ಸೆಲ್ ಕಾರ್ಖಾನೆಯಲ್ಲಿ ಸೈಲೇನ್ ಸಿಲಿಂಡರ್ ಬದಲಿಸುವಾಗ ಸ್ಫೋಟವಾಗಿ ಒಬ್ಬರು ಸತ್ತರು. 1991ರ ಅಕ್ಟೋಬರಿನಲ್ಲಿ ಜಪಾನಿನ ಒಸಾಕಾ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಬೇರೊಂದು ಗ್ಯಾಸ್ ಹಿಂದಕ್ಕೆ ಹರಿದು ಸೈಲೇನ್ ಸಿಲಿಂಡರಿನೊಳಗೆ ಸೇರಿ ಸಿಡಿಯಿತು, ಇಬ್ಬರು ವಿದ್ಯಾರ್ಥಿಗಳು ಸತ್ತರು. ನಮ್ಮ ಬೆಂಗಳೂರಿನ ಹೊರವಲಯದಲ್ಲೇ 2007ರಲ್ಲಿ ಸೈಲೇನ್ ಸ್ಫೋಟಕ್ಕೆ ಒಬ್ಬ ಕಾರ್ಮಿಕ ಬಲಿಯಾದದ್ದನ್ನು ಅಮೆರಿಕದ ಒಂದು ಸಂಘಟನೆಯ 2009ರ ವರದಿ ಹೇಳುತ್ತದೆ. ನಮ್ಮೂರಿನ ಸಾವನ್ನು ಅಮೆರಿಕದವರ ವರದಿಯಲ್ಲಿ ಓದಬೇಕಾಯಿತು. ರಾಜಾಜಿನಗರಕ್ಕೆ ಹತ್ತಿರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2018ರ ಡಿಸೆಂಬರ್ 5ರಂದು ಆದ ಸ್ಫೋಟದಲ್ಲೂ ಒಬ್ಬ ಸಂಶೋಧಕರು ತೀರಿಕೊಂಡರು. ಅದು ಸೈಲೇನ್ ಅಲ್ಲ. ಆದರೆ ಅಷ್ಟು ಕಲಿತವರು ಇರುವ ಜಾಗದಲ್ಲೂ ಹೀಗಾಗುತ್ತದೆ ಎಂಬುದಕ್ಕೆ ಹೇಳಿದೆ.

ಓದಿದ್ದನ್ನೆಲ್ಲ ಅಮ್ಮಿಗೆ ಹೇಳಲಿಲ್ಲ. ಬದಲಿಗೆ ನನಗೆ ಬರುವ ಲೆಕ್ಕ ಹೇಳಿದೆ. ಅಣ್ಣನ ಸಂಬಳ 18,000. ತಿಂಗಳಿಗೆ 21,000ದ ಒಳಗಿರುವುದರಿಂದ ಇಎಸ್‌ಐ ಇದೆ. ಅವನ ಸಂಬಳದಿಂದ ಶೇ. 0.75, ಅಂದರೆ 135 ರೂಪಾಯಿ. ಮಾಲೀಕರ ಪಾಲು ಶೇ. 3.25, ಅಂದರೆ 585. ಕೆಲಸದಲ್ಲಿ ಗಾಯವಾಗಿ ಮನೆಯಲ್ಲಿ ಕೂರಬೇಕಾದರೆ ಸಂಬಳದ ಸುಮಾರು ಶೇ. 90 ಸಿಗುತ್ತದೆ. ಆಸ್ಪತ್ರೆ ಇಲ್ಲೇ ರಾಜಾಜಿನಗರದಲ್ಲಿದೆ. ಅಮ್ಮಿ ಪೂರ್ತಿ ಕೇಳಿಸಿಕೊಂಡು, "ಪೈಸೇ ಕೀ ಬಾತ್ ನಕ್ಕೋ, ಬಚ್ಚೇ ಕೀ ಬಾತ್ ಕರ್" ಎಂದರು. ದುಡ್ಡಿನ ಮಾತು ಬೇಡ, ಮಗನ ಮಾತು ಆಡು ಅಂತ. ಅದಕ್ಕೆ ನನ್ನ ಅಕೌಂಟೆನ್ಸಿಯಲ್ಲಿ ಉತ್ತರ ಇರಲಿಲ್ಲ.

ಉತ್ತರ ಕೊಟ್ಟವರು ಅಬ್ಬಾ. ಮೂವತ್ತು ವರ್ಷ ವೆಲ್ಡಿಂಗ್ ಮಾಡಿದವರು. ಅವರು ಅಣ್ಣನಿಗೆ ಬಿಡು ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಎರಡು ಷರತ್ತು ಹಾಕಿದರು. ಸೂಪರ್‌ವೈಸರ್ ಎಷ್ಟೇ ಅವಸರ ಮಾಡಿದರೂ ಒಬ್ಬನೇ ಸಿಲಿಂಡರ್ ಮುಟ್ಟಕೂಡದು. ನೈಟ್ರೋಜನ್ ಹಾಯಿಸುವ ಲೆಕ್ಕದಲ್ಲಿ ಒಂದು ಸಲವೂ ಕಡಿಮೆ ಮಾಡಕೂಡದು. "ನೌಕರಿ ಹೋದರೆ ಅಂಗಡಿ ಇದೆ" ಎಂದರು. ಅಂಗಡಿಯ ವ್ಯಾಪಾರದ ಲೆಕ್ಕ ಬರೆಯುವವಳು ನಾನು. ಆ ಮಾತು ಹೇಳಲು ಅವರಿಗೆ ಎಷ್ಟು ಧೈರ್ಯ ಬೇಕಾಯಿತು ಎಂದು ನನಗೆ ಗೊತ್ತು.

ಈಗ ಎಂಟು ತಿಂಗಳಾಯಿತು. ಅಣ್ಣ ಹೋಗುತ್ತಿದ್ದಾನೆ. ಕಾಂಟ್ರಾಕ್ಟ್ ಹುಡುಗರಿಗೂ ಶೆಡ್ಡಿನ ತರಬೇತಿ ಕೊಡಿ ಎಂದು ಅವನೂ ಇನ್ನೂ ನಾಲ್ವರೂ ಸಹಿ ಹಾಕಿ ಅರ್ಜಿ ಕೊಟ್ಟಿದ್ದಾರೆ, ಕನ್ನಡದಲ್ಲಿ ಬರೆದುಕೊಟ್ಟವಳು ನಾನು. ಜವಾಬು ಬಂದಿಲ್ಲ. ಮಾಗಡಿ ರಸ್ತೆಯಲ್ಲಿ ಬಸ್ಸಿಗೆ ಕಾಯುವಾಗ ಸಿಲಿಂಡರ್ ಲಾರಿ ಬಂದರೆ ನನ್ನ ಕಣ್ಣು ಅದರ ಫಲಕದ ನಂಬರಿಗೆ ಹೋಗುತ್ತದೆ. 1075 ಎಂದರೆ ಅಡುಗೆ ಗ್ಯಾಸ್, 1001 ಅಬ್ಬಾ ಅಂಗಡಿಯ ಅಸಿಟಿಲೀನ್. 2203 ಸೈಲೇನ್, ಅದನ್ನು ಇನ್ನೂ ನೋಡಿಲ್ಲ. ಅಮ್ಮಿ ಮೊದಲು ಯಾವ ಶಿಫ್ಟ್ ಎಂದು ಕೇಳುತ್ತಿದ್ದರು. ಈಗ ಸಿಲಿಂಡರ್ ಬದಲಿಸುವುದು ಇವತ್ತಾ ನಾಳೆಯಾ ಎಂದು ಕೇಳುತ್ತಾರೆ.